ಕಣ್ಣೊಳಗೆ ಗ್ಯಾಸ್ ಇದೆ, ಗೆಳತಿಯರು ಕೆಮ್ಮಣ್ಣುಗುಂಡಿಗೆ ಕರೀತಿದ್ದಾರೆ, ಹೋಗಬಹುದಾ ಡಾಕ್ಟ್ರೇ?

ಪ್ರಶ್ನೆ: ನನಗೆ 63 ವರ್ಷ. ಹೈಸ್ಕೂಲ್ ಟೀಚರ್ ಆಗಿ ರಿಟೈರ್ ಆದವಳು, ಶಿವಮೊಗ್ಗದಲ್ಲಿ ಒಬ್ಬಳೇ ಇದ್ದೇನೆ. ಬಲಗಣ್ಣಿನ ರೆಟಿನಾದ ನಡುಮಧ್ಯೆ ತೂತಾಗಿದೆ ಅಂತ ಆಪರೇಷನ್ ಮಾಡಿ, ಒಳಗೆ ಗ್ಯಾಸ್ ತುಂಬಿ ಕಳಿಸಿದ್ದಾರೆ. ಐದು ದಿನ ಮುಖ ಕೆಳಗೆ ಹಾಕಿಕೊಂಡೇ ಕಳೆದೆ. ಜೊತೆಯಲ್ಲಿ ಪಾಠ ಮಾಡಿದ ನಾಲ್ವರು ಗೆಳತಿಯರು ಪಾಳಿ ಹಾಕಿಕೊಂಡು ನೋಡಿಕೊಂಡರು. ಅವರಿಲ್ಲದಿದ್ದರೆ ನನ್ನ ಗತಿ ಏನಾಗುತ್ತಿತ್ತೋ. ಇವತ್ತಿಗೆ 12 ದಿನ. ಆ ಕಣ್ಣಲ್ಲಿ ಮೇಲ್ಗಡೆ ಸ್ವಲ್ಪ ಬೆಳಕು ಕಾಣುತ್ತದೆ, ಕೆಳಗೆಲ್ಲ ನೀರು ತುಂಬಿದ ಹಾಗೆ. ನಡುವೆ ಒಂದು ಕಪ್ಪು ಗೆರೆ ಅಲ್ಲಾಡುತ್ತದೆ. ಒಬ್ಬಳು ಗೆಳತಿಗೆ ಪೊರೆ ಆಪರೇಷನ್ ಆದ ಮಾರನೇ ದಿನವೇ ಕಣ್ಣು ಕಂಡಿತ್ತಂತೆ. ಇನ್ನೊಬ್ಬಳು, ಅಂಗಾತ ಮಲಗಿ ರೆಸ್ಟ್ ತಗೋ, ನಮ್ಮಮ್ಮನಿಗೆ ಹಾಗೇ ಮಾಡಿಸಿದ್ದರು ಅನ್ನುತ್ತಾಳೆ. ಮತ್ತೊಬ್ಬಳು ನಂದಿಬಟ್ಟಲು ಹೂವು ತಂದಿಟ್ಟು, ಬದನೆಕಾಯಿ ನಂಜು ಅಂತ ಬಿಡಿಸಿದ್ದಾಳೆ. ಮೂರನೇ ದಿನ ರಾತ್ರಿ ತಡೆಯಲಾಗದೆ ತುಂಬಾ ಅತ್ತುಬಿಟ್ಟೆ, ಅದರಿಂದ ಹೊಲಿಗೆ ಬಿಚ್ಚಿರಬಹುದಾ? ಮನಸ್ಸು ಹಗುರಾಗಲಿ ಅಂತ ಎಲ್ಲರೂ ಸೇರಿ ಮುಂದಿನ ವಾರ ಕೆಮ್ಮಣ್ಣುಗುಂಡಿಗೆ ಹೋಗೋಣ ಅನ್ನುತ್ತಿದ್ದಾರೆ. ಆಮೇಲೆ ಮಗ ಹೈದರಾಬಾದ್‌ಗೆ ವಿಮಾನದ ಟಿಕೆಟ್ ಮಾಡಿಸಿದ್ದಾನೆ. ಏನು ಮಾಡಲಿ?

ಉತ್ತರ: ಮೇಡಂ, ಮೊದಲು ಎರಡು ತುರ್ತಿನ ಮಾತು ಹೇಳಿಬಿಡುತ್ತೇನೆ. ವಿಮಾನದ ಟಿಕೆಟ್ ಇವತ್ತೇ ಕ್ಯಾನ್ಸಲ್ ಮಾಡಿಸಿ. ಕೆಮ್ಮಣ್ಣುಗುಂಡಿಯನ್ನೂ ಸದ್ಯಕ್ಕೆ ಮುಂದೆ ಹಾಕಿ. ಯಾಕೆ ಅಂತ ಕೆಳಗೆ ವಿವರವಾಗಿ ಬರೆಯುತ್ತೇನೆ. ಇನ್ನು ಆಪರೇಷನ್ ಫೇಲಾಯಿತಾ, ಅತ್ತಿದ್ದಕ್ಕೆ ಕೆಟ್ಟುಹೋಯಿತಾ ಎಂದು ನಿಮ್ಮನ್ನು ಕೊರೆಯುತ್ತಿರುವ ಭಯ. ನೀವು ಬರೆದಿರುವುದರಲ್ಲಿ ಹಾಗಾಗಿದೆ ಅನ್ನುವ ಲಕ್ಷಣ ಒಂದೂ ಕಾಣುತ್ತಿಲ್ಲ. ಆ ಕಪ್ಪು ಗೆರೆ ನೋಡಿ ಹೆದರಿದ್ದೀರಿ, ನನಗಂತೂ ಅದನ್ನು ಓದಿ ಸಮಾಧಾನವಾಯಿತು.

ಯಾಕಂದರೆ ಆ ಗೆರೆ ಗ್ಯಾಸಿನ ಅಂಚು. ಗಾರೆ ಕೆಲಸದವರ ರಸಮಟ್ಟ ನೋಡಿರುತ್ತೀರಿ, ಅದರೊಳಗಿನ ಗುಳ್ಳೆ ಹೇಗೆ ಯಾವಾಗಲೂ ಮೇಲಕ್ಕೇ ಹೋಗಿ ಕೂರುತ್ತದೋ ನಿಮ್ಮ ಕಣ್ಣೊಳಗಿನ ಗ್ಯಾಸೂ ಹಾಗೇ. ಆದರೆ ರೆಟಿನಾ, ಅಂದರೆ ಕಣ್ಣಿನ ಹಿಂಗೋಡೆಯ ಪರದೆಯ ಮೇಲೆ ಚಿತ್ರ ತಲೆಕೆಳಗಾಗಿ ಬೀಳುವುದರಿಂದ, ಮೇಲೆ ತೇಲುವ ಗ್ಯಾಸ್ ನಿಮಗೆ ಕೆಳಗಡೆ ಇದ್ದ ಹಾಗೆ ಕಾಣುತ್ತದೆ. ಮೊದಲ ವಾರ ಕಣ್ಣು ಪೂರ್ತಿ ಗ್ಯಾಸಿನಿಂದ ತುಂಬಿರುತ್ತದೆ, ಆಗ ಬೆಳಕು, ಕೈಯಾಡಿಸಿದರೆ ಅದರ ನೆರಳು, ಇಷ್ಟೇ. ಗ್ಯಾಸ್ ಕರಗುತ್ತಾ ಬಂದ ಹಾಗೆ ಅದರ ಜಾಗದಲ್ಲಿ ಕಣ್ಣು ತಾನೇ ನೀರು ತುಂಬಿಕೊಳ್ಳುತ್ತದೆ. ಆಗ ಮೇಲಿನಿಂದ ಕಿಟಕಿಯ ಪರದೆ ಸರಿಸಿದ ಹಾಗೆ ನೋಟ ತೆರೆದುಕೊಳ್ಳುತ್ತದೆ, ಗೆರೆ ದಿನದಿನಕ್ಕೂ ಕೆಳಗಿಳಿಯುತ್ತದೆ. ಕೊನೆಗೆ ಬುಡದಲ್ಲಿ ಒಂದು ಗೋಲಿಯಂಥ ಗುಳ್ಳೆ ಉಳಿಯುತ್ತದೆ. ಕೆಲವರಿಗೆ ಅದೇ ಒಡೆದು ಎರಡು ಮೂರು ಪುಟ್ಟ ಗುಳ್ಳೆಗಳಾಗಿ ಓಡಾಡುತ್ತವೆ. ಆಮೇಲೆ ಒಂದು ದಿನ ಬೆಳಗ್ಗೆ ನೋಡಿದರೆ ಇರುವುದಿಲ್ಲ.

ಎಷ್ಟು ದಿನ ಅನ್ನುವುದು ಯಾವ ಗ್ಯಾಸ್ ಅನ್ನುವುದರ ಮೇಲಿದೆ. ಸಾಮಾನ್ಯವಾಗಿ ಹಾಕುವುದು ಎರಡು. ಎಸ್‌ಎಫ್6 ಆದರೆ ಎರಡು ಮೂರು ವಾರದಲ್ಲಿ ಕರಗುತ್ತದೆ. ಸಿ3ಎಫ್8 ಆದರೆ ಆರರಿಂದ ಎಂಟು ವಾರ ಬೇಕು. ನಿಮ್ಮ ಡಿಸ್ಚಾರ್ಜ್ ಪೇಪರಿನಲ್ಲಿ ಎರಡರಲ್ಲಿ ಒಂದು ಬರೆದೇ ಇರುತ್ತಾರೆ, ಯಾರ ಕೈಲಾದರೂ ಓದಿಸಿ.

ಈಗ ಗೆಳತಿಯರ ಮಾತಿಗೆ ಬರುತ್ತೇನೆ. ಅವರು ಯಾರೂ ಸುಳ್ಳು ಹೇಳುತ್ತಿಲ್ಲ. ಪ್ರತಿಯೊಬ್ಬರೂ ನಿಜವನ್ನೇ ಹೇಳುತ್ತಿದ್ದಾರೆ, ಆದರೆ ಅದು ಬೇರೆ ಆಪರೇಷನ್ನಿನ ನಿಜ. ಕಣ್ಣಿನ ಆಪರೇಷನ್ ಅಂದ ಕೂಡಲೇ ನಮ್ಮ ಜನರ ಮನಸ್ಸಿಗೆ ಬರುವುದು ಪೊರೆ ಒಂದೇ. ಪೊರೆ ಅಂದರೆ ಕಣ್ಣಿನ ಮುಂಭಾಗದ ಮಸೂರ ಮಂಜಾಗುವುದು, ಮಂಜಾದ ಗಾಜು ತೆಗೆದು ಹೊಸ ಗಾಜು ಹಾಕಿದರೆ ಮಾರನೇ ದಿನ ಬೆಳಗ್ಗೆ ಗೋಡೆಯ ಕ್ಯಾಲೆಂಡರ್ ಓದಬಹುದು. ನಿಮ್ಮದು ಹಿಂಭಾಗದ ಕೆಲಸ. ಕಣ್ಣಿನೊಳಗೆ ಲೋಳೆಸರದ ತಿರುಳಿನಂಥ ಒಂದು ಲೋಳೆ ತುಂಬಿರುತ್ತದೆ. ವಯಸ್ಸಾದ ಹಾಗೆ ಅದು ಕುಗ್ಗಿ ರೆಟಿನಾದಿಂದ ಬಿಟ್ಟುಕೊಳ್ಳುತ್ತದೆ. ಬಹಳ ಜನರಿಗೆ ಇದು ಸುಮ್ನೆ ಆಗಿಹೋಗುತ್ತದೆ. ಕೆಲವರಿಗೆ ಮಾತ್ರ ನಡುಮಧ್ಯೆ, ಅಂದರೆ ನಾವು ಅಕ್ಷರ ಓದುವ, ಮುಖ ಗುರುತಿಸುವ ಆ ಒಂದು ಚುಕ್ಕಿಯ ಹತ್ತಿರ ಬಿಗಿಯಾಗಿ ಅಂಟಿಕೊಂಡಿದ್ದು, ಕುಗ್ಗುವಾಗ ಎಳೆದು ತೂತು ಮಾಡುತ್ತದೆ. ಅರವತ್ತು ದಾಟಿದ ಹೆಂಗಸರಲ್ಲಿ ಇದು ಜಾಸ್ತಿ. ನೀವು ಓದಿದ್ದು ಜಾಸ್ತಿಯಾಗಿ, ಪೇಪರ್ ತಿದ್ದಿದ್ದು ಜಾಸ್ತಿಯಾಗಿ ಬಂದದ್ದಲ್ಲ. ಟೀಚರ್‌ಗಳು ನನ್ನನ್ನು ತಪ್ಪದೆ ಕೇಳುವ ಪ್ರಶ್ನೆ ಇದು, ಅದಕ್ಕೇ ಮೊದಲೇ ಹೇಳಿದೆ.

ತೂತು ಸಾಮಾನ್ಯವಾಗಿ ಅರ್ಧ ಮಿಲಿಮೀಟರ್‌ಗಿಂತ ಚಿಕ್ಕದು. 1991ರವರೆಗೆ ಇದಕ್ಕೆ ಮದ್ದಿಲ್ಲ ಎಂದೇ ಡಾಕ್ಟರುಗಳು ಕೈಚೆಲ್ಲುತ್ತಿದ್ದರು. ಆ ವರ್ಷ ಅಮೆರಿಕದ ಕೆಲ್ಲಿ ಮತ್ತು ವೆಂಡೆಲ್ ಎಂಬ ಇಬ್ಬರು ವೈದ್ಯರು ಲೋಳೆ ತೆಗೆದು, ಗ್ಯಾಸ್ ತುಂಬಿ, ಮುಖ ಕೆಳಗೆ ಮಾಡಿ ಮಲಗಿಸಿದರೆ ತೂತು ಮುಚ್ಚುತ್ತದೆ ಎಂದು ತೋರಿಸಿದರು. ಈಗ ತೂತಿನ ಸುತ್ತಲಿನ, ತಲೆಕೂದಲಿಗಿಂತ ಎಷ್ಟೋ ಪಾಲು ತೆಳುವಾದ ಒಂದು ಪದರವನ್ನೂ ಸುಲಿದು ತೆಗೆಯುತ್ತೇವೆ. ತೂತು ತುಂಬಾ ದೊಡ್ಡದಾಗಿರದಿದ್ದರೆ ಹತ್ತರಲ್ಲಿ ಒಂಬತ್ತು ಜನಕ್ಕೆ ಮುಚ್ಚುತ್ತದೆ. ಗ್ಯಾಸಿನ ಕೆಲಸ ತೂತಿನ ಬಾಯಿಗೆ ನೀರು ತಾಗದಂತೆ ಒಣಗಿಸಿ ಇಡುವುದು, ಆಗ ಎರಡೂ ಕಡೆಯ ಅಂಚು ಹತ್ತಿರ ಬಂದು ಕೂಡಿಕೊಳ್ಳುತ್ತದೆ. ಗ್ಯಾಸ್ ಮೇಲಕ್ಕೆ ತೇಲುವುದರಿಂದ, ಕಣ್ಣಿನ ಹಿಂಗೋಡೆಗೆ ಅದು ಒತ್ತಿ ಕೂರಬೇಕಾದರೆ ನಿಮ್ಮ ಮುಖ ನೆಲ ನೋಡಬೇಕು. ಐದು ದಿನದ ತಪಸ್ಸಿನ ಲೆಕ್ಕ ಇಷ್ಟು.

ಅಂಗಾತ ಮಲಗು ಎಂದ ಗೆಳತಿಯ ಅಮ್ಮನ ಕಾಲ ಬೇರೆ. ಡಾ. ಎಂ.ಸಿ. ಮೋದಿಯವರು ಊರೂರಿಗೆ ಹೋಗಿ ಸಾವಿರಾರು ಜನರ ಕಣ್ಣಿನ ಪೊರೆ ತೆಗೆಯುತ್ತಿದ್ದ ಕಾಲವನ್ನು ನಮ್ಮ ಹಿರಿಯರೆಲ್ಲ ಇನ್ನೂ ನೆನೆಸುತ್ತಾರೆ. ಆಗೆಲ್ಲ ಪೊರೆ ತೆಗೆಯಲು ಕರಿಗುಡ್ಡೆಯ ಅಂಚಿನಲ್ಲಿ ಹೆಚ್ಚುಕಮ್ಮಿ ಅರ್ಧ ಸುತ್ತು ಕೊಯ್ಯಬೇಕಿತ್ತು. ಅಲ್ಲಾಡಿದರೆ ಗಾಯ ಬಿಟ್ಟುಕೊಳ್ಳುವ ಭಯ, ಅದಕ್ಕೆ ತಲೆಯ ಎರಡೂ ಕಡೆ ಮರಳಿನ ಚೀಲ ಇಟ್ಟು ದಿನಗಟ್ಟಲೆ ಅಂಗಾತ ಮಲಗಿಸುತ್ತಿದ್ದರು. ಆ ಕಾಲಕ್ಕೆ ಅದು ಸರಿಯಾಗಿತ್ತು. ನಿಮಗೆ ಮಾತ್ರ ಅದೇ ಅಪಾಯ. ಅಂಗಾತ ಮಲಗಿದರೆ ಗ್ಯಾಸ್ ಮುಂದಕ್ಕೆ ಬಂದು ಮಸೂರವನ್ನು ಒತ್ತುತ್ತದೆ, ಕಣ್ಣಿನೊಳಗಿನ ನೀರು ಹರಿಯುವ ದಾರಿ ಕಟ್ಟಿ ಒತ್ತಡ ಏರಬಹುದು, ಪೊರೆಯೂ ಬೇಗ ಬರುತ್ತದೆ. ಗುಳ್ಳೆ ದೊಡ್ಡದಾಗಿ ಇರುವಷ್ಟು ದಿನ ಪಕ್ಕಕ್ಕೆ ತಿರುಗಿ ಮಲಗಿ. ನಿದ್ದೆಯಲ್ಲಿ ಹೊರಳುವ ಅಭ್ಯಾಸ ಇದ್ದರೆ ಬೆನ್ನಿಗೆ ಒಂದು ದಿಂಡುದಿಂಬು ಒತ್ತಿಕೊಳ್ಳಿ. ಗೆಳತಿಗೆ ಇಷ್ಟು ವಿವರಿಸಿದರೆ ಬೇಜಾರು ಮಾಡಿಕೊಳ್ಳುವುದಿಲ್ಲ, ಅವರೇ ರಾತ್ರಿ ಎದ್ದು ನಿಮ್ಮನ್ನು ಪಕ್ಕಕ್ಕೆ ಹೊರಳಿಸುತ್ತಾರೆ.

ಅತ್ತದ್ದು. ಅಳುವುದರಿಂದ ಏನೂ ಆಗುವುದಿಲ್ಲ ಮೇಡಂ. ಕಣ್ಣೀರು ಹೊರಗಿನದು, ಗುಡ್ಡೆಯ ಒಳಗಿನದಲ್ಲ. ಈಗಿನ ಆಪರೇಷನ್ನಿನಲ್ಲಿ ಬಿಳಿಗುಡ್ಡೆಯಲ್ಲಿ ಹಾಕುವ ರಂಧ್ರಗಳು ಅರ್ಧ ಮಿಲಿಮೀಟರ್ ಆಸುಪಾಸಿನವು, ಬಹಳ ಸಲ ಹೊಲಿಗೆಯೇ ಬೇಕಾಗುವುದಿಲ್ಲ, ತಾವೇ ಮುಚ್ಚಿಕೊಳ್ಳುತ್ತವೆ. ಕೆಡುಕು ಇರುವುದು ಅಳುವಾಗ ಸೆರಗಿನಿಂದ ಕಣ್ಣು ಉಜ್ಜುವುದರಲ್ಲಿ. ಕಣ್ಣೀರು ಕೆನ್ನೆಗಿಳಿದ ಮೇಲೆ ಟಿಶ್ಯೂವಿನಿಂದ ಒತ್ತಿಕೊಳ್ಳಿ, ಸಾಕು. ಐದು ದಿನ ನೆಲವನ್ನೇ ನೋಡಿಕೊಂಡು, ಯಾರ ಮುಖವೂ ಕಾಣದೆ, ಒಬ್ಬರೇ ಇರುವ ಮನೆಯಲ್ಲಿ ಮೂರನೇ ರಾತ್ರಿ ಅಳು ಬಂದರೆ ಅದರಲ್ಲಿ ಆಶ್ಚರ್ಯ ಏನಿದೆ? ನನ್ನ ಬಹಳಷ್ಟು ರೋಗಿಗಳು ಅದೇ ಎರಡನೇ ಮೂರನೇ ರಾತ್ರಿಯಲ್ಲಿ ಅತ್ತಿದ್ದಾರೆ, ಗಟ್ಟಿ ಆಳು ಅನ್ನಿಸಿಕೊಂಡ ಗಂಡಸರೂ ಅತ್ತಿದ್ದಾರೆ. ಬೇಕಾದರೆ ಇನ್ನೊಮ್ಮೆ ಅಳಿ.

ನಂದಿಬಟ್ಟಲು ಹೂವು ಕಣ್ಣಿನ ಹತ್ತಿರ ಬೇಡವೇ ಬೇಡ. ಹೂವಿನಲ್ಲಿ ಧೂಳು, ಪರಾಗ, ಸಣ್ಣ ಹುಳ ಎಲ್ಲ ಇರುತ್ತವೆ. ಆರೋಗ್ಯವಾದ ಕಣ್ಣಿನ ಮೇಲೆ ತಂಪಿಗೆ ಇಟ್ಟುಕೊಂಡಾಗಿನ ಮಾತು ಬೇರೆ. ನಿಮ್ಮ ಕಣ್ಣಿನ ಗಾಯ ಇನ್ನೂ ಹಸಿ, ಸೋಂಕು ಒಳಗೆ ಹೊಕ್ಕರೆ ಎರಡು ದಿನದಲ್ಲಿ ದೃಷ್ಟಿಯೇ ಹೋಗಬಹುದು. ಅದಕ್ಕೇ ಹರಳೆಣ್ಣೆ, ಜೇನು, ರೋಸ್ ವಾಟರ್ ಯಾವುದೂ ಬೇಡ. ಹೂವನ್ನು ದೇವರ ಪಟಕ್ಕೆ ಏರಿಸಿ. ಬದನೆಕಾಯಿ ಧಾರಾಳವಾಗಿ ತಿನ್ನಿ. ನಂಜಿನ ತರಕಾರಿಗೂ ರೆಟಿನಾಕ್ಕೂ ಸಂಬಂಧ ಇಲ್ಲ, ಸುಮ್ನೆ ಸಪ್ಪೆ ಊಟ ಮಾಡಿಕೊಂಡು ನೀವು ಸೊರಗಬೇಡಿ. ಟಿವಿ, ಮೊಬೈಲ್ ಇನ್ನೊಂದು ಕಣ್ಣಲ್ಲಿ ನೋಡಿದರೆ ಈ ಕಣ್ಣು ಸವೆಯುವುದಿಲ್ಲ. ತಲೆಸ್ನಾನ ಮಾತ್ರ ನಿಮ್ಮ ಡಾಕ್ಟರ್ ಹೇಳುವ ತನಕ ಬೇಡ, ಕುತ್ತಿಗೆಯಿಂದ ಕೆಳಗೆ ಸಾಕು.

ಈಗ ಕೆಮ್ಮಣ್ಣುಗುಂಡಿ. ಇದನ್ನು ನಾನು ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಯಾಕಂದರೆ ನಮ್ಮ ಮಲೆನಾಡಿನ ಕಡೆ ಇದು ಬಹಳ ಜನಕ್ಕೆ ಗೊತ್ತಿಲ್ಲ. ವಿಮಾನ ಬೇಡ ಅಂತ ಆಸ್ಪತ್ರೆಯಲ್ಲಿ ಹೇಳುತ್ತಾರೆ, ಘಾಟಿ ಹತ್ತಬೇಡಿ ಅಂತ ಹೇಳಲು ಮರೆಯುತ್ತಾರೆ. ಎತ್ತರಕ್ಕೆ ಹೋದ ಹಾಗೆ ಹೊರಗಿನ ಗಾಳಿಯ ಒತ್ತಡ ಕಮ್ಮಿಯಾಗುತ್ತದೆ. ಚಿಪ್ಸ್ ಪ್ಯಾಕೆಟ್ ಕಾರಿನಲ್ಲಿಟ್ಟುಕೊಂಡು ಬೆಟ್ಟ ಹತ್ತಿದರೆ ಊದಿಕೊಂಡು ಬಿಗಿಯಾಗುತ್ತದಲ್ಲ, ಅದೇ ನಿಮ್ಮ ಕಣ್ಣೊಳಗೂ ಆಗುತ್ತದೆ. ಕಣ್ಣಿನ ಗೋಡೆ ಹೆಚ್ಚು ಹಿಗ್ಗುವುದಿಲ್ಲ, ಹಾಗಾಗಿ ಒಳಗಿನ ಒತ್ತಡ ಏರುತ್ತದೆ. ಏರಿದರೆ ಕಣ್ಣಿಗೆ ರಕ್ತ ಹರಿಯುವುದೇ ನಿಲ್ಲಬಹುದು, ನಿಂತದ್ದು ಹೆಚ್ಚು ಹೊತ್ತಾದರೆ ಹೋದ ದೃಷ್ಟಿ ವಾಪಸ್ ಬರುವುದಿಲ್ಲ. ಶಿವಮೊಗ್ಗ ಸಮುದ್ರಮಟ್ಟದಿಂದ ಸುಮಾರು 570 ಮೀಟರ್, ಕೆಮ್ಮಣ್ಣುಗುಂಡಿ 1,400ಕ್ಕೂ ಮೇಲೆ. ಒಂದೆರಡು ಗಂಟೆಯೊಳಗೆ 850 ಮೀಟರ್ ಏರುವುದು ದೊಡ್ಡ ಗುಳ್ಳೆ ಇರುವ ಕಣ್ಣಿಗೆ ಸಣ್ಣ ಮಾತಲ್ಲ. ವಿಮಾನದಲ್ಲಿ ಇನ್ನೂ ಕಷ್ಟ. ಒಳಗಿನ ಗಾಳಿಯ ಒತ್ತಡ ಎರಡು ಸಾವಿರ ಮೀಟರ್ ಬೆಟ್ಟದ ಮೇಲಿದ್ದಷ್ಟಕ್ಕೆ ಇಳಿದಿರುತ್ತದೆ, ಅದೂ ಅರ್ಧ ಗಂಟೆಯೊಳಗೆ. ಮಧ್ಯದಲ್ಲಿ ಇಳಿಸಿ ಅನ್ನುವ ಹಾಗೂ ಇಲ್ಲ.

ಕರಾವಳಿಯಲ್ಲಿ ಕೆಲಸ ಮಾಡುತ್ತಿದ್ದಾಗ ಮೂಡಿಗೆರೆ ಕಡೆಯ ಒಬ್ಬರಿಗೆ ಗ್ಯಾಸ್ ಹಾಕಿದ್ದೆವು. ಅಲ್ಲೇ ನೆಂಟರ ಮನೆಯಲ್ಲಿ ಇರಿ ಎಂದರೂ ಕೇಳದೆ, ತೋಟದ ಕೆಲಸ ಅಂತ ಹತ್ತನೇ ದಿನ ಗೆಳೆಯನ ಜೀಪಿನಲ್ಲಿ ಚಾರ್ಮಾಡಿ ಹತ್ತಿದರು. ಅರ್ಧ ಘಾಟಿಗೆ ತಲೆನೋವು, ವಾಂತಿ. ಘಾಟಿಯ ತಿರುವಿನಲ್ಲಿ ವಾಂತಿ ಯಾರಿಗೆ ಆಗಲ್ಲ, ನಿಂಬೆಹಣ್ಣು ಮೂಸಿಸಿ ಮುಂದೆ ಹೋಗೋಣ ಎಂದರಂತೆ ಜೊತೆಯವರು. ಜೀಪು ಓಡಿಸುತ್ತಿದ್ದ ಗೆಳೆಯ ಮಾತ್ರ ಅವರ ಕೈಪಟ್ಟಿ ನೋಡಿದ. ಕಣ್ಣಲ್ಲಿ ಗ್ಯಾಸ್ ಇದೆ ಎಂದು ಬರೆದು ನಾವೇ ಕಟ್ಟಿ ಕಳಿಸಿದ ಪಟ್ಟಿ ಅದು, ಕೆಳಗೆ ಫೋನ್ ನಂಬರ್ ಇತ್ತು. ಗಾಡಿ ನಿಲ್ಲಿಸಿ ಫೋನ್ ಮಾಡಿದ. ಮೊದಲು ಕೆಳಗೆ ಇಳಿಸಿಕೊಂಡು ಬನ್ನಿ ಎಂದೆ. ಇಳಿಯುತ್ತಾ ಇಳಿಯುತ್ತಾ ನೋವು ಅರ್ಧ ಇಳಿದಿತ್ತು, ಉಳಿದದ್ದಕ್ಕೆ ಮಾತ್ರೆ, ಡ್ರಾಪ್ಸ್ ಕೊಟ್ಟೆವು. ಕಣ್ಣು ಉಳಿಯಿತು. ಆ ಗೆಳೆಯ ಧೈರ್ಯದ ಮಾತು ಒಂದೂ ಆಡಿರಲಿಲ್ಲ.

ನಿಮ್ಮ ಮುಂದಿರುವ ದಾರಿ ಹೀಗಿದೆ. ಗುಳ್ಳೆ ಪೂರ್ತಿ ಕರಗಿ, ಡಾಕ್ಟರ್ ಕಣ್ಣು ನೋಡಿ ಆಯ್ತು ಅಂದ ಮೇಲೆ ಕೆಮ್ಮಣ್ಣುಗುಂಡಿಗೂ ಹೋಗಬಹುದು, ಹೈದರಾಬಾದ್‌ಗೂ ಹಾರಬಹುದು. ಗುಳ್ಳೆ ಸಣ್ಣದಾಗಿದೆ, ಹೋಗಬಹುದಲ್ವಾ ಅಂತ ಮನೆಯಲ್ಲೇ ಲೆಕ್ಕ ಹಾಕಬೇಡಿ. ಮಗನ ಹತ್ತಿರ ಬೇಗ ಹೋಗಲೇಬೇಕು ಅಂದರೆ ರೈಲು ಇದೆ, ಆದರೆ ದಾರಿಯಲ್ಲಿ ಡ್ರಾಪ್ಸ್ ತಪ್ಪಬಾರದು, ಜೊತೆಗೆ ಒಬ್ಬರು ಇರಬೇಕು, ಅಲ್ಲಿ ಹೋದ ಮೇಲೆ ತೋರಿಸಲು ಒಬ್ಬ ರೆಟಿನಾ ಡಾಕ್ಟರ್ ಗೊತ್ತಿರಬೇಕು. ನನ್ನ ಸಲಹೆ ಕೇಳಿದರೆ ಮಗನೇ ನಾಲ್ಕು ದಿನ ರಜೆ ಹಾಕಿ ಬರಲಿ. ಆಗುಂಬೆ ಇಳಿದು ಉಡುಪಿಯಲ್ಲಿ ಎರಡು ದಿನ ಇದ್ದು ಬರುವ ಯೋಚನೆಯೂ ಬೇಡ, ವಾಪಸ್ ಬರುವಾಗ ಅದೇ ಘಾಟಿ ಹತ್ತಬೇಕು. ಗೆಳತಿಯರಿಗೆ ನಿಮ್ಮನ್ನು ಹೊರಗೆ ಕರೆದುಕೊಂಡು ಹೋಗುವ ಆಸೆ ಇದೆ, ಅದನ್ನು ಕೊಲ್ಲಬೇಡಿ. ಕೂಡ್ಲಿಗೆ ಹೋಗಿ. ಹತ್ತಿರ, ಏರುದಾರಿ ಇಲ್ಲ, ತುಂಗೆ ಭದ್ರೆ ಕೂಡುವ ಕಡೆ ಮರದ ಕೆಳಗೆ ಕೂತು ಬುತ್ತಿ ಬಿಚ್ಚಿ. ಕಪ್ಪು ಕನ್ನಡಕ ಹಾಕಿಕೊಳ್ಳಿ, ನದಿಗೆ ಇಳಿಯಬೇಡಿ.

ಗ್ಯಾಸ್ ಇರುವಷ್ಟು ದಿನ ಹಲ್ಲು ಕೀಳಿಸುವುದಿರಲಿ, ಬೇರೆ ಯಾವುದೇ ಆಪರೇಷನ್ ಇರಲಿ, ಅಲ್ಲಿನ ಡಾಕ್ಟರಿಗೆ ಕಣ್ಣಲ್ಲಿ ಗ್ಯಾಸ್ ಇದೆ ಎಂದು ಮೊದಲ ಮಾತಿಗೇ ಹೇಳಬೇಕು. ನೈಟ್ರಸ್ ಆಕ್ಸೈಡ್ ಎಂಬ ಅರಿವಳಿಕೆ ಗಾಳಿ ರಕ್ತದ ಮೂಲಕ ಆ ಗುಳ್ಳೆಗೆ ಸೇರಿ ಅದನ್ನು ಊದಿಸುತ್ತದೆ. ಕೈಪಟ್ಟಿ ಕೊಟ್ಟಿದ್ದರೆ ಸ್ನಾನಕ್ಕೂ ಬಿಚ್ಚಬೇಡಿ.

ಗೆಳತಿಯರು ಇದನ್ನು ಓದುತ್ತಾರೆ ಅಂದುಕೊಂಡು ಅವರಿಗೂ ಒಂದಷ್ಟು ಹೇಳುತ್ತೇನೆ. ಅಮ್ಮಂದಿರೇ, ನೀವು ಮಾಡಿದ್ದು ಸಾಮಾನ್ಯ ಕೆಲಸ ಅಲ್ಲ. ಮುಖ ಕೆಳಗೆ ಹಾಕಿಕೊಂಡಿರುವುದು ಒಬ್ಬರೇ ಮಾಡಲು ಬಹಳ ಕಷ್ಟ. ಒಮ್ಮೆ ಒಬ್ಬ ರೋಗಿಯ ಮನೆಗೆ ಹೋಗಿ ನೋಡಿದ್ದೆ, ಅವರ ಗೆಳತಿ ಹಳೇ ಸೀರೆ ಸುತ್ತಿ, ಕೊಡ ಹೊರುವಾಗ ತಲೆ ಮೇಲಿಡುವ ಸಿಂಬೆಯ ಹಾಗೆ ದೊಡ್ಡದೊಂದು ಸಿಂಬೆ ಮಾಡಿ ಊಟದ ಮೇಜಿನ ಅಂಚಿಗೆ ಇಟ್ಟಿದ್ದರು. ಹಣೆ ಮತ್ತು ಗಲ್ಲ ಅದರ ಮೇಲೆ, ಕಣ್ಣು ಮೂಗು ನಡುವಿನ ಖಾಲಿ ಜಾಗದಲ್ಲಿ, ಕಣ್ಣಿಗೆ ಒಂದು ಚೂರೂ ಒತ್ತುತ್ತಿರಲಿಲ್ಲ. ನೆಲದ ಮೇಲೆ ಒಂದು ಕನ್ನಡಿ. ಬಾಗಿಲಿಗೆ ಯಾರು ಬಂದರೂ ಅದರಲ್ಲಿ ಮುಖ ಕಾಣುತ್ತಿತ್ತು. ಆಕೆ ಚಾಪೆ ಹಾಸಿ ಕೆಳಗೆ ಮಲಗಿ, ಮೇಲೆ ನೋಡುತ್ತಾ ಹರಟೆ ಹೊಡೆಯುತ್ತಿದ್ದರು. ದುಡ್ಡು ಕೊಟ್ಟು ತರಿಸುವ ಯಾವ ಸಾಮಾನೂ ಅಷ್ಟು ಚೆನ್ನಾಗಿಲ್ಲ.

ಈಗ ನಿಮ್ಮ ಕೆಲಸ ಡ್ರಾಪ್ಸ್. ಆಂಟಿಬಯೋಟಿಕ್ ಬೇಗ ನಿಲ್ಲುತ್ತದೆ, ಸ್ಟೆರಾಯ್ಡ್ ಡ್ರಾಪ್ಸ್ ಮಾತ್ರ ವಾರವಾರಕ್ಕೂ ಕಮ್ಮಿ ಮಾಡುತ್ತಾ ತಿಂಗಳ ಮೇಲೆ ಹೋಗುತ್ತದೆ. ಒಂದು ಕಣ್ಣಲ್ಲಿ ಬಾಟಲಿ ಓದಲು ಕಷ್ಟ, ಹಾಗಾಗಿ ಒಂದಕ್ಕೆ ರಬ್ಬರ್ ಬ್ಯಾಂಡ್, ಇನ್ನೊಂದಕ್ಕೆ ಬಣ್ಣದ ಟೇಪ್ ಸುತ್ತಿ. ಹಾಲಿನ ಹಾಗೆ ಬೆಳ್ಳಗಿರುವ ಡ್ರಾಪ್ಸನ್ನು ಅಲುಗಾಡಿಸಿ ಹಾಕಬೇಕು. ಕೈ ತೊಳೆದು, ಕೆಳರೆಪ್ಪೆ ಎಳೆದು ಒಂದೇ ಹನಿ, ಬಾಟಲಿಯ ತುದಿ ರೆಪ್ಪೆಗೆ ತಾಗಬಾರದು, ಇನ್ನೊಂದು ಹಾಕಲು ಐದು ನಿಮಿಷ ಬಿಡಿ. ಹನಿ ಹಾಕುವಾಗ ತಲೆ ಹಿಂದಕ್ಕೆ ಬಾಗಿಸಿದರೆ ಏನೂ ಆಗುವುದಿಲ್ಲ, ಅದು ಅರೆನಿಮಿಷದ ಮಾತು. ಇನ್ನೊಂದು ವಿಷಯ, ಒಂದೇ ಕಣ್ಣಲ್ಲಿ ದೂರ ಹತ್ತಿರದ ಅಂದಾಜು ಸಿಗುವುದಿಲ್ಲ. ಕಾಫಿ ಬಗ್ಗಿಸಿದರೆ ಲೋಟದ ಆಚೆ ಬೀಳುತ್ತದೆ, ಮೆಟ್ಟಿಲ ಕೊನೆ ತಪ್ಪುತ್ತದೆ. ಕೆಟಲಿನ ಮೂತಿಯನ್ನು ಲೋಟದ ಅಂಚಿಗೆ ತಾಗಿಸಿ ಬಗ್ಗಿಸಲು ಹೇಳಿಕೊಡಿ, ಮೆಟ್ಟಿಲಲ್ಲಿ ಕೈ ಕೊಡಿ.

ಏನೂ ಆಗಲ್ಲ ಬಿಡು ಅನ್ನುವ ಮಾತನ್ನು ಮಾತ್ರ ಕೆಲವು ಹೊತ್ತಿನಲ್ಲಿ ಆಡಬೇಡಿ. ಕಣ್ಣು ನೋವು ಕಮ್ಮಿಯಾಗುವ ಬದಲು ಜಾಸ್ತಿ ಆಗುತ್ತಿದೆ, ನೋವಿನ ಜೊತೆ ವಾಂತಿ, ಕೆಂಪು ಏರುತ್ತಿದೆ, ಕೀವು ಬರುತ್ತಿದೆ, ಕಾಣುತ್ತಿದ್ದಷ್ಟೂ ಕಾಣದಾಗಿದೆ, ಹೊಸದಾಗಿ ಮಿಂಚು ಹೊಳೆದ ಹಾಗೆ ಅಥವಾ ಪಕ್ಕದಿಂದ ಕಪ್ಪು ಪರದೆ ಬಿದ್ದ ಹಾಗೆ ಅಂತ ಆಕೆ ಹೇಳಿದರೆ ಬೆಳಗಾಗಲಿ ಅಂತ ಕಾಯಬೇಡಿ. ಅದೇ ರಾತ್ರಿ ಆಪರೇಷನ್ ಮಾಡಿದ ಕಡೆ ಫೋನ್ ಮಾಡಿ, ಸಿಗದಿದ್ದರೆ ಹತ್ತಿರದ ದೊಡ್ಡ ಆಸ್ಪತ್ರೆಯ ಕಣ್ಣಿನ ವಿಭಾಗಕ್ಕೆ ಕರೆದುಕೊಂಡು ಹೋಗಿ.

ಮತ್ತೆ ನಿಮಗೇ ಮೇಡಂ. ಎಷ್ಟು ಕಾಣುತ್ತದೆ ಅಂತ ನಿಮ್ಮ ಪತ್ರದಲ್ಲಿ ನೇರವಾಗಿ ಕೇಳಿಲ್ಲ, ಆದರೂ ಹೇಳುತ್ತೇನೆ. ಗ್ಯಾಸ್ ಹೋದ ದಿನವೇ ಎಲ್ಲ ಸ್ಪಷ್ಟ ಆಗುವುದಿಲ್ಲ. ಮೂರರಿಂದ ಆರು ತಿಂಗಳು, ಕೆಲವರಿಗೆ ವರ್ಷದವರೆಗೂ ನಿಧಾನವಾಗಿ ಸುಧಾರಿಸುತ್ತದೆ. ಎದುರಿನವರ ಮುಖದ ನಡುವೆ ಕಾಣುತ್ತಿದ್ದ ಖಾಲಿ ಜಾಗ ತುಂಬುತ್ತದೆ, ಸೊಟ್ಟಗೆ ಕಾಣುತ್ತಿದ್ದ ಕಿಟಕಿ ಸರಳು ನೆಟ್ಟಗಾಗುತ್ತಾ ಬರುತ್ತದೆ. ಮೊದಲಿನಷ್ಟೇ ಆಗುತ್ತದೆ ಅಂತ ನಾನು ಯಾರಿಗೂ ಮಾತು ಕೊಡುವುದಿಲ್ಲ. ತೂತು ಎಷ್ಟು ದೊಡ್ಡದಿತ್ತು, ಎಷ್ಟು ತಿಂಗಳಿಂದ ಇತ್ತು ಅನ್ನುವುದರ ಮೇಲೆ ಅದು ನಿಂತಿದೆ. ಮುಚ್ಚದೆ ಉಳಿದರೆ ಎರಡನೇ ಆಪರೇಷನ್ ಇದೆ, ಅದರಲ್ಲೂ ಬಹಳ ಜನಕ್ಕೆ ಮುಚ್ಚುತ್ತದೆ. ಈ ಕಣ್ಣಿನ ಪೊರೆ ಇನ್ನೂ ತೆಗೆಸಿಲ್ಲವಾದರೆ ಒಂದೆರಡು ವರ್ಷದಲ್ಲಿ ಅದು ಬರುವುದು ಹೆಚ್ಚುಕಮ್ಮಿ ಖಾತ್ರಿ. ಆಗ ಮತ್ತೆ ಮಂಜಾಯಿತು ಅಂತ ಎದೆ ಒಡೆದುಕೊಳ್ಳಬೇಡಿ, ಅದು ನಿಮ್ಮ ಮೊದಲ ಗೆಳತಿಗೆ ಆದ ಸುಲಭದ ಆಪರೇಷನ್ನೇ. ಎಡಗಣ್ಣಿನ ಮೇಲೂ ಒಂದು ಗಮನ ಇರಲಿ, ಹತ್ತರಲ್ಲಿ ಒಬ್ಬರಿಗೆ ಮುಂದೆ ಆ ಕಡೆಯೂ ತೂತು ಆಗುವುದುಂಟು. ವಾರಕ್ಕೊಮ್ಮೆ ಬಲಗಣ್ಣು ಮುಚ್ಚಿಕೊಂಡು ಕಿಟಕಿ ಸರಳು ನೋಡಿ, ಸೊಟ್ಟ ಕಂಡರೆ ಬೇಗ ತೋರಿಸಿ.

ಮುಂದಿನ ಚೆಕಪ್‌ಗೆ ಒಬ್ಬ ಗೆಳತಿಯನ್ನು ಒಳಗೇ ಕರೆದುಕೊಂಡು ಹೋಗಿ, ಕೈಯಲ್ಲಿ ಪೆನ್ನು ನೋಟ್‌ಬುಕ್ ಇರಲಿ. ಕಣ್ಣಿಗೆ ಬೆಳಕು ಬಿಟ್ಟು ಡ್ರಾಪ್ಸ್ ಹಾಕಿದ ಮೇಲೆ ನಿಮಗೆ ಅರ್ಧ ಮಾತು ತಲೆಗೆ ಹೋಗುವುದಿಲ್ಲ. ಹಾಕಿದ್ದು ಯಾವ ಗ್ಯಾಸ್, ಈಗ ಎಷ್ಟು ಉಳಿದಿದೆ, ಇನ್ನು ಎಷ್ಟು ದಿನ ಅಂಗಾತ ಮಲಗಬಾರದು, ಕಣ್ಣಿನ ಒತ್ತಡ ಎಷ್ಟಿದೆ, ತೂತು ಮುಚ್ಚಿದೆಯಾ ಅಂತ ನೋಡುವ ಓಸಿಟಿ ಸ್ಕ್ಯಾನ್ ಯಾವತ್ತು, ಇಷ್ಟು ಕೇಳಿ. ಕೆಮ್ಮಣ್ಣುಗುಂಡಿಗೆ ಯಾವ ತಾರೀಖಿನ ಮೇಲೆ ಹೋಗಬಹುದು ಅಂತಲೂ ಕೇಳಿ, ಗೆಳತಿ ಅದನ್ನು ದೊಡ್ಡ ಅಕ್ಷರದಲ್ಲಿ ಬರೆದುಕೊಳ್ಳಲಿ.